ಮೂರನೇ ರಿಂಗಿಗೆ ಎತ್ತುವ ಫೋನು

ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಶಿವನಾಣೆ, ಒಂದು ಮಾತೂ ಸೇರಿಸಿಲ್ಲ.

ಇಂಟರ್ನೆಟ್ ಇಲ್ಲದ ಕಾಲದಲ್ಲಿ ಸಾಲಿಗ್ರಾಮದ ನನ್ನ ಗೆಳೆಯ ನಂಜುಂಡೇಶ್ ಮನೆಯ ಕಂಪ್ಯೂಟರಿನಲ್ಲಿ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದ. ಊರೂರಿನವರು ತಮ್ಮ ಕಂಪ್ಯೂಟರಿನಿಂದ ಫೋನು ಮಾಡಿ, ಅದರೊಳಗೆ ನಾಲ್ಕು ಮಾತು ಬರೆದಿಟ್ಟು ಹೋಗುತ್ತಿದ್ದರು. ಕರೆಯನ್ನು ಮೊದಲು ಎತ್ತುವುದು ಮೇಲರ್ ಎಂಬ ಸಾಫ್ಟ್‌ವೇರ್. ಬಂದದ್ದು ಇನ್ನೊಂದು ಬೋರ್ಡಿನ ಕಂಪ್ಯೂಟರಾದರೆ ಅದೇ ಟಪಾಲು ಬದಲಿಸಿಕೊಳ್ಳುತ್ತದೆ, ಮನುಷ್ಯರಾದರೆ ಬೋರ್ಡಿಗೆ ಒಪ್ಪಿಸುತ್ತದೆ. ನಂಜುಂಡೇಶ್ ಅದನ್ನು ಮೂರನೇ ರಿಂಗಿಗೇ ಎತ್ತುವಂತೆ ಇಟ್ಟಿದ್ದ.

"ದೆವ್ವ ಒಂದೇ ಸಲ ಕೂಗೋದು ಕಣ್ಲಾ. ನಮ್ಮೋರಾದ್ರೆ ಮೂರು ಸಲ ಕೂಗ್ತಾರೆ ಬುಡು," ಎಂದು ನಗುತ್ತಿದ್ದ.

ಅವನು ತೀರಿಕೊಂಡ ಮೇಲೆ, ಹೋದ ಕಾರ್ತೀಕದಲ್ಲಿ, ಅವನ ಹೆಂಡತಿ ಸರ್ವಮಂಗಳ ನನ್ನನ್ನು ಕರೆಸಿದಳು. "ಅಣ್ಣಾ, ನಾಳೆ ಈ ಕಂಪ್ಯೂಟ್ರಿಗೆ ಗುಜರಿಯವ್ನು ಬತ್ತಾನೆ. ಒಂದ್ಸಲ ಮುಂಚಿನಂಗೆ ನಡೆಸಿ ತೋರ್ಸಿ, ಆಮೇಲೆ ಕೊಟ್ಬುಡ್ತೀನಿ."

ದೀಪ ಹಚ್ಚುವ ಹೊತ್ತಿಗೆ ಮೇಲರನ್ನು ಬೋರ್ಡಿಗೆ ಜೋಡಿಸಿದೆ. ನಾನೇ ಕರೆ ಮಾಡಿ ನೋಡೋಣವೆನ್ನುವಷ್ಟರಲ್ಲಿ ಫೋನು ಒಮ್ಮೆ ರಿಂಗಾಯಿತು. ಮೇಲರ್ ಆಗಲೇ ಎತ್ತಿಬಿಟ್ಟಿತು. ಮೋಡೆಮ್ ಕೀರಲು ದನಿಯಲ್ಲಿ ಕೂಗಿ ಸುಮ್ಮನಾಯಿತು. ಪರದೆಯ ಮೇಲೆ ಬೋರ್ಡು ಹೆಸರು ಕೇಳಿತು. ಉತ್ತರ ಬರಲಿಲ್ಲ, ಕರೆಯೂ ಕಡಿಯಲಿಲ್ಲ. ಬಿಸಿಯಾಗಿರಬೇಕಿದ್ದ ಮೋಡೆಮ್ ಹೊಳೆಯ ಮೆಟ್ಟಿಲಿನಂತೆ ತಣ್ಣಗಿತ್ತು. ಎಲ್ಲಿಂದಲೋ ನಂಜುಂಡೇಶ್ ದಿನವೂ ಹಚ್ಚುತ್ತಿದ್ದ ವಿಭೂತಿಯ ವಾಸನೆ ಬಂತು.

ಸರ್ವಮಂಗಳ ಪರದೆಯನ್ನೇ ನೋಡುತ್ತ ಸೆರಗು ಸರಿಮಾಡಿಕೊಂಡಳು. "ಬಂದ್ರಾ? ಕಾಲ್ ತೊಳ್ಕಂಡ್ ಬನ್ನಿ," ಎಂದಳು.

ಕರೆ ಕಡಿಯಿತು.

ಮಾರನೆಯ ದಿನ ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದಳಂತೆ. ನಾನು ಕರೆ ಬಂದ ಆ ರಾತ್ರಿಯೇ ಹೊರಡುವ ಮುನ್ನ ಮೇಲರಿನ ಸೆಟ್ಟಿಂಗ್ ತೆರೆದು ನೋಡಿದೆ. ಅದು ಮೂರನೇ ರಿಂಗಿನಲ್ಲೇ ಇತ್ತು.