ಸಪ್ನಾಳ ಒಂಬತ್ತು ಕುರಿ

"ಆಯಿ, ನನಗ ಆ ಒಂಬತ್ತು ಕುರಿ ಕೊಡ್ರಿ," ಎಂದು ನಾಗಲಿಂಗ ಬೇಲಿಯಾಚೆ ಕೈಚಾಚಿ ತೋರಿಸಿದ.

ಭರಮವ್ವನ ಕೈಯಲ್ಲಿದ್ದ ಚಹಾದ ಕಪ್ಪು ಜಾರಿ ನೆಲಕ್ಕೆ ಬಿತ್ತು. ಮೊಮ್ಮಗಳು ಸಪ್ನಾಳ ಕೈಯಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ಅದೂ ಬೀಳುತ್ತಿತ್ತು.

ಪಾಪ, ಆ ಮನುಷ್ಯನಿಗೇನು ಗೊತ್ತು! ಶಿವಬಸವ ನಗರದವನು, ಉದ್ಯಮಬಾಗದ ಫೌಂಡ್ರಿಯಲ್ಲಿ ನೌಕರಿ. ಅಪ್ಪನ ಕಾಲಕ್ಕೇ ಕುರಿ ಬಿಟ್ಟ ಮನೆತನ. ಎರಡು ಸಾವಿರದ ಇಸವಿ ಬಂತೆಂದು ಓರಗೆಯವರೆಲ್ಲ ಕಂಪ್ಯೂಟರ್ ಕ್ಲಾಸಿಗೆ ಓಡುತ್ತಿದ್ದರೆ, ಇವನು ಖಾನಾಪುರದ ಹತ್ತಿರ ಎರಡು ಎಕರೆ ಹಿಡಿದು ಕುರಿ ಸಾಕುವ ಹುಚ್ಚು ಹತ್ತಿಸಿಕೊಂಡಿದ್ದ. ಯಾವ ತಳಿ ಸಾಕಬೇಕೆಂಬುದೊಂದು ಮಾತ್ರ ತೀರ್ಮಾನವಾಗಿರಲಿಲ್ಲ. ಅದನ್ನು ಕೇಳಲೆಂದೇ ರವಿವಾರಕ್ಕೊಮ್ಮೆ ಕಾಕತಿಯ ಈ ಹಟ್ಟಿಗೆ ಬರುತ್ತಿದ್ದ.

ಮೊದಲ ರವಿವಾರವೇ ಸಪ್ನಾ ಖಡಾಖಡಿ ಹೇಳಿಬಿಟ್ಟಿದ್ದಳು. "ಲಗೂನ ತೂಕ ಬರಬೇಕಂದ್ರ ಕೆಂಗುರಿ ತಗೋರಿ. ಆದ್ರ ಅವು ರಾಯಚೂರ ಕಡೆ ಬಿಸಿಲಾಗ ಬೆಳದಾವು, ಖಾನಾಪುರದ ಕೆಸರಾಗ ಕಾಲು ಕೊಳೀತಾವು. ನಮ್ಮ ಕರಿ ದಖನಿ ಸಣ್ಣವು, ಗಟ್ಟಿ ಅದಾವು. ಅವಕ್ಕೂ ಕಾಲು ಒಣಾ ಇರಬೇಕು ಮತ್ತ. ಎತ್ತರಕ್ಕ ಹಲಗಿ ಹಾಸಿ ಅಟ್ಟ ಕಟ್ಟ್ರಿ."

ಅಲ್ಲಿಗೆ ಮುಗಿಯಬೇಕಿತ್ತು. ಎರಡನೆಯ ರವಿವಾರ ಉಣ್ಣೆ ಕತ್ತರಿಸುವುದು ಯಾವಾಗ ಎಂದು ಕೇಳಲು ಬಂದ. ಮೂರನೆಯ ರವಿವಾರ, ಹಲಗೆಗಳ ನಡುವೆ ಎಷ್ಟು ಸಂದಿ ಬಿಡಬೇಕೆಂದು. ಅವಳು ಬೆರಳು ಅಡ್ಡ ಹಿಡಿದು ತೋರಿಸಿದರೆ, ಅವನು ಬಳೆ ನೋಡುತ್ತ ನಿಂತ. ನಾಲ್ಕನೆಯ ರವಿವಾರ ಕೇಳಲು ಏನೂ ಉಳಿದಿರಲಿಲ್ಲ, ಆದರೂ ಬಂದ. ಅವತ್ತು ಸಪ್ನಾ ಮುಂಜಾನೆಯಿಂದಲೇ ಹೊಸ ಚೂಡಿದಾರ ಹಾಕಿಕೊಂಡು ಕುಳಿತಿದ್ದಳು. ಕುರಿ ಮೇಯಿಸಲು ಹೊಸದ್ಯಾಕೆ ಎಂದು ಆಯಿ ಕೇಳಿದರೆ, ಹಳೆಯದು ಒಣಗಿಲ್ಲ ಎಂದಳು.

ಇವತ್ತು ಐದನೆಯದು. ಅಟ್ಟ ಕಟ್ಟಿ ಮುಗಿದಿತ್ತು. ಕುರಿ ಆರಿಸಿಕೊಂಡು ಹೋದನೆಂದರೆ ಇನ್ನು ಈ ಕಡೆ ಬರಲು ಅವನಿಗೆ ನೆಪವೇ ಇಲ್ಲ. ಅದನ್ನು ನೆನೆದು ಸಪ್ನಾ ಬೆಳಗಿನ ರೊಟ್ಟಿಯನ್ನೂ ಮುಟ್ಟಿರಲಿಲ್ಲ.

ಈಗ ನೋಡಿದರೆ, ಅರವತ್ತು ಕುರಿಗಳಲ್ಲಿ ಆರಿಸಿ ಆರಿಸಿ ಇವನ್ನೇ ಕೇಳಬೇಕೆ!

"ತಮ್ಮಾ," ಭರಮವ್ವ ಸಾವರಿಸಿಕೊಂಡು ಕೇಳಿದಳು, "ಅವುಗಳ ಎಡಗಿವಿ ನೋಡಿದೇನು?"

"ನೋಡೇನ್ರಿ, ತುದಿ ಸೀಳೇತಿ. ಉಳಿದವಕ್ಕಿಂತ ಅವಽ ಮೈ ತುಂಬ್ಕೊಂಡಾವು. ಯಾರೋ ಭಾಳ ಪ್ರೀತಿಲೆ ಸಾಕ್ಯಾರ."

ಸಪ್ನಾಳ ಕೆನ್ನೆ ಬಿಸಿಯಾಯಿತು.

"ನಮ್ಮ ಮನ್ಯಾಗ ಹೆಣ್ಣು ಹುಟ್ಟಿದ್ರ, ತೊಟ್ಲಾಗ ಹಾಕೂ ದಿನ ಒಂದು ಹೆಣ್ಣುಮರಿ ಎಡಗಿವಿ ಸೀಳಿ ಅಕಿ ಹೆಸರಿಗೆ ಬಿಡತೇವಿ. ಅದರ ಪೀಳಿಗಿ ಎಲ್ಲಾ ಅಕೀದ. ಅವನ್ನ ಮಾರಂಗಿಲ್ಲ. ಅಕಿ ಗಂಡನ ಮನಿಗೆ ಹೋಗೂ ದಿನ ಅಕಿ ಹಿಂದ ಹೋಗ್ತಾವು. ಅವನ್ನ ಕೇಳೂದಂದ್ರ, ನಮ್ಮ ಸಪ್ನಾನ್ನ ಕೇಳಿದಂಗ."

ನಾಗಲಿಂಗನ ಮುಖ ಬಿಳಿಚಿಕೊಂಡಿತು. ಎರಡು ಹೆಜ್ಜೆ ಹಿಂದೆ ಸರಿದವನು ಕುರಿಗಳ ನೀರಿನ ತೊಟ್ಟಿಯಲ್ಲೇ ಕಾಲಿಟ್ಟ.

"ಅಯ್ಯಯ್ಯ, ತಪ್ಪಾತ್ರೀ ಆಯಿ! ಖರೇನ ನನಗ ಗೊತ್ತಿರ್ಲಿಲ್ಲ. ಬ್ಯಾಡ್ರಿ, ಬ್ಯಾಡ್ರಿ, ನಾ ಕೆಂಗುರೀನ ತರ್ತೀನಿ!"

ಒದ್ದೆ ಚಪ್ಪಲಿಯಲ್ಲೇ ಗಾಡಿಯ ಕಡೆ ಓಡಿದ.

ಸಪ್ನಾ ಕಲ್ಲಾಗಿ ನಿಂತಳು. ಅವನು ಕೇಳಿದಾಗ ಬರೀ ಗಾಬರಿಯಾಗಿತ್ತು; ಬೇಡವೆಂದಾಗ ಜೀವವೇ ಹೋದಂತಾಯಿತು. ಇವನ ಮೇಲೆ ತನಗೆ ಇಷ್ಟೊಂದು ಮನಸ್ಸಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಮರುಕ್ಷಣ ಸಿಟ್ಟು ನೆತ್ತಿಗೇರಿತು. ಕೆಂಗುರಿ ತರುತ್ತಾನಂತೆ ಕೆಂಗುರಿ! ಅವನು ಕೀಲಿ ತಿರುಗಿಸುವುದನ್ನೇ ಮರೆತು ಕಿಕ್ ಮೇಲೆ ಕಿಕ್ ಹೊಡೆಯುತ್ತಿದ್ದಾಗ, ಅವಳು ದಡದಡ ನಡೆದುಹೋಗಿ ಗಾಡಿಯ ಹ್ಯಾಂಡಲ್ ಹಿಡಿದಳು.

"ನಿಂದರ್ರಿ." ತನ್ನ ದನಿಗೆ ತಾನೇ ಬೆಚ್ಚಿದಳು. ಹಿಂದೆ ಆಯಿ ನೋಡುತ್ತಿದ್ದಾಳೆಂಬುದು ಗೊತ್ತಿತ್ತು, ಆದರೂ ಬಾಯಿ ನಿಲ್ಲಲಿಲ್ಲ. "ಗೊತ್ತಿದ್ರ ಕೇಳ್ತಿದ್ದಿಲ್ಲೇನು?"

ನಾಗಲಿಂಗ ಕಿಕ್ ಹೊಡೆಯುವುದನ್ನು ನಿಲ್ಲಿಸಿದ. ತಲೆಯೆತ್ತಿ, ಇಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಗೊತ್ತಿದ್ರ," ಎಂದ ಮೆಲ್ಲಗೆ, "ಮೊದಲನೇ ರವಿವಾರಾನ ಕೇಳ್ತಿದ್ದೆ."

ಹ್ಯಾಂಡಲ್ ಹಿಡಿದ ಕೈಯನ್ನು ತೆಗೆಯಬೇಕೆಂಬುದೇ ಸಪ್ನಾಳಿಗೆ ಹೊಳೆಯಲಿಲ್ಲ.

"ಏ ಹುಡುಗಿ!" ಭರಮವ್ವ ಬೇಲಿಯಿಂದ ಕೂಗಿದಳು. "ಗಾಡಿ ಬಿಡವಾ! ಅಂವ ಹೋಗಿ ಅವರವ್ವನ್ನ ಕರಕೊಂಡು ಬರಬ್ಯಾಡೇನು?"