ಹದಿನೇಳನೇ ತಾರೀಕಿನ ರಸೀದಿ

"ಮಗಳನ್ನು ಸರಕಾರಿ ಕಾಲೇಜಿಗೆ ಕಳಿಸಿದ್ರೆ ಟ್ಯಾಕ್ಸ್ ಹೇಗೆ ಉಳಿಸುದು ಮಾರಾಯ್ರೆ? ತೋರಿಸ್ಲಿಕ್ಕೆ ಫೀಸೇ ಇಲ್ಲ ನಿಮ್ಗೆ."

ಕಿಶನ್ ಇದನ್ನು ನಗುತ್ತಲೇ ಹೇಳಿದ್ದ. ಹರಿಪ್ರಸಾದನೂ ನಕ್ಕಿದ್ದ. ಇಬ್ಬರೂ ಪುತ್ತೂರಿನ ಒಂದು ಖಾಸಗಿ ಕಾಲೇಜಿನ ಆಫೀಸಿನವರು. ಕಿಶನ್ ಸಂಜೆ ಕಾರು ಹತ್ತಿ ಹೋದ. ಹರಿಪ್ರಸಾದ ರೈನ್‌ಕೋಟು ತೊಟ್ಟು, ಹಳೇ ಸ್ಕೂಟರನ್ನು ನಾಲ್ಕು ಸಲ ಒದ್ದು, ಪೆರಾಬೆಯ ಮನೆಯ ದಾರಿ ಹಿಡಿದ. ನಗು ಅಷ್ಟು ದೂರವೂ ಬೆನ್ನಿಗೆ ಕೂತು ಬಂತು.

ದಾರಿಯ ಗ್ಯಾರೇಜೊಂದರಲ್ಲಿ ಬಿಳಿ ಸೆಕೆಂಡ್ ಹ್ಯಾಂಡ್ ಕಾರು ಮಾರಾಟಕ್ಕೆ ನಿಂತಿತ್ತು. ಒಂದೂವರೆ ಲಕ್ಷ. ಅಷ್ಟು ಹಣ ಇದ್ದದ್ದು ಒಂದೇ ಕಡೆ, ಕಡಬದ ಅಂಚೆ ಕಚೇರಿಯಲ್ಲಿ, ಮಗಳು ಭವಿತಾಳ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆಯಲ್ಲಿ. ಹತ್ತು ವರ್ಷಗಳಿಂದ ಅವನ ತಾಯಿ ತಿಮ್ಮಕ್ಕ ಬೀಡಿ ಕಟ್ಟಿ ತುಂಬಿಸಿದ್ದು. ಕೊಯಿಲದ ಫಾರ್ಮಿನ ದನಗಳನ್ನು ನೋಡುತ್ತ ಬೆಳೆದ ಹುಡುಗಿ ದನದ ಡಾಕ್ಟರ್ ಆಗಬೇಕೆಂದಿದ್ದಳು. ಖಾತೆಗೆ ಪೋಷಕನಾಗಿ ಇದ್ದದ್ದು ಮಾತ್ರ ಹರಿಪ್ರಸಾದನ ಸಹಿ.

ನಿಯಮ ಅವನಿಗೆ ಬಾಯಿಪಾಠ. ಹುಡುಗಿ ಹತ್ತನೇ ತರಗತಿ ಪಾಸಾಗಿದ್ದರೆ, ಓದಿನ ಖರ್ಚಿಗೆ, ಹಿಂದಿನ ವರ್ಷದ ಕೊನೆಗಿದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು; ಆ ಅರ್ಧವೇ ಕಾರಿಗೆ ಸಾಕಿತ್ತು. ತೆಗೆದದ್ದಕ್ಕೆ ತೆರಿಗೆ ಇಲ್ಲ. ಬೇಕಾದದ್ದು ಫೀಸಿನ ರಸೀದಿ. ಅದೇ ರಸೀದಿಯ ಲೆಕ್ಕದಲ್ಲಿ ಮುಂದಿನ ವರ್ಷದ ರಿಟರ್ನಿನಲ್ಲಿ ವಿನಾಯಿತಿಯನ್ನೂ ಕೇಳಬಹುದು. ರಿಟರ್ನ್ ತುಂಬುವವನು ತಾನೇ.

ರಸೀದಿ ಪುಸ್ತಕ ಇರುವುದು ಅವನ ಕಪಾಟಿನಲ್ಲೇ. ಆದರೆ ಅವನು ಅವಸರ ಮಾಡಲಿಲ್ಲ. ಬೇರೆ ರಸೀದಿಗಳ ನಡುವೆ ತನ್ನದನ್ನು ತುರುಕಿದರೆ ಯಾರಾದರೂ ಹೋಲಿಸಿ ನೋಡಿಯಾರು. ಮೂರು ದಿನ ಹುಡುಕಿ ಒಂದು ಜಾಗ ಕಂಡ. ಜುಲೈ ಹದಿನಾರಕ್ಕೆ ಒಂದು ಪುಸ್ತಕ ಬಹುತೇಕ ಮುಗಿದಿತ್ತು, ಹೊಸದು ಶುರುವಾದದ್ದು ಹದಿನೆಂಟಕ್ಕೆ. ಹಳೆಯದರ ಕೊನೆಯ ಹಾಳೆ ಮಾತ್ರ ಖಾಲಿ. ಹದಿನೇಳಕ್ಕೆ ಒಂದೇ ಒಂದು ರಸೀದಿ ಇಲ್ಲ. ಎಷ್ಟು ಚೊಕ್ಕ ದಿನ ಎನಿಸಿತು. ಆ ಹಾಳೆಯಲ್ಲಿ ಹದಿನೇಳರ ತಾರೀಕು ಹಾಕಿ ಭವಿತಾಳ ಹೆಸರು, ಒಂದೂವರೆ ಲಕ್ಷದ ಫೀಸು ಬರೆದ, ಸೀಲು ಒತ್ತಿದ, ಪುಸ್ತಕದಲ್ಲಿ ಉಳಿದ ಪ್ರತಿಯ ಮೇಲೆ 'ರದ್ದು' ಎಂದು ಗೀಚಿದ. ಹೆಸರು ಬರೆಯುವಾಗ ಮಾತ್ರ ಕೈ ಸ್ವಲ್ಪ ನಿಧಾನವಾಯಿತು. ಅವಳು ಪಿಯುಸಿ ಮುಗಿಸುವುದರೊಳಗೆ ಹಣ ತುಂಬಿಸಿಬಿಡುತ್ತೇನೆ ಎಂದುಕೊಂಡ.

ಆಗಸ್ಟಿನ ಒಂದು ಬೆಳಿಗ್ಗೆ ತಾಯಿಯ ಹತ್ತಿರ ಪಾಸ್‌ಬುಕ್ ಕೇಳಿದ.

"ಎಂತಕ್ಕೆ ಮಗಾ?"

"ಬಡ್ಡಿ ಏರಿಸ್ಲಿಕ್ಕೆ ಉಂಟು ಅವ್ವ."

ತಿಮ್ಮಕ್ಕ ಹೊಗೆಸೊಪ್ಪಿನ ಕಂದು ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡೇ ಅದನ್ನು ಮುಟ್ಟಿದಳು. "ಕಳೆದ ತಿಂಗಳದ್ದು ಪುಳ್ಳಿ ಭವಿತಾಳೇ ಹೋಗಿ ಕಟ್ಟಿದ್ದು. ನಿನ್ನ ಹತ್ರ ಕೊಟ್ರೆ ಮರೀತಿ ನೀನು." ಅವನು ಆ ಬೆರಳುಗಳನ್ನು ನೋಡದೆ ಪಾಸ್‌ಬುಕ್ಕನ್ನು ಹಾಗೆಯೇ ಜೇಬಿಗೆ ಹಾಕಿಕೊಂಡ.

ಅಂಚೆ ಕಚೇರಿಯ ಕೌಂಟರಿನಲ್ಲಿ ಸಫಿಯಾ ಇದ್ದಳು. ಅದೂ ಅವನ ಲೆಕ್ಕದಲ್ಲೇ ಇತ್ತು. ಮಂಡೆಕೋಲಿನ ಕಡೆಯಿಂದ ಜೂನಿನಲ್ಲಿ ವರ್ಗವಾಗಿ ಬಂದವಳು. ಅವನನ್ನು ಅರಿಯಳು, ಭವಿತಾ ಕಡಬದ ಸರಕಾರಿ ಕಾಲೇಜಿನಲ್ಲೇ ಓದುವುದನ್ನೂ ಅರಿಯಳು. ಅವಳು ಅರ್ಜಿ ಓದಿದಳು, ಸಹಿ ಹೋಲಿಸಿದಳು, ರಸೀದಿಯ ಸೀಲು ನೋಡಿ ತಲೆಯಾಡಿಸಿದಳು. ಆಮೇಲೆ ಪಾಸ್‌ಬುಕ್ ಬಿಡಿಸಿ ರಸೀದಿಯ ಪಕ್ಕದಲ್ಲಿಟ್ಟಳು.

"ಹದಿನೇಳಕ್ಕಾ ಫೀಸು ಕಟ್ಟಿದ್ದು?"

"ಹೌದು ಮೇಡಂ. ನಾನೇ ಕಟ್ಟಿದ್ದು, ಪುತ್ತೂರಿನಲ್ಲಿ."

ಸಫಿಯಾ ದನಿ ತಗ್ಗಿಸಿದಳು, ಹಿಂದೆ ನಿಂತವರಿಗೆ ಕೇಳಬಾರದೆಂಬಂತೆ. "ಹದಿನೇಳಕ್ಕೆ ನಿಮ್ಮ ಮಗಳು ಇಲ್ಲಿಗೆ ಬಂದಿದ್ಲು. ಮಳೆಗೆ ನೆನೆದು ಪೂರ್ತಿ ಚಂಡಿಯಾಗಿ. ಇಡೀ ಜಿಲ್ಲೆಗೆ ಮಳೆ ರಜೆ ಅಂತ, ಅಜ್ಜಿಯ ಬೀಡಿ ದುಡ್ಡು ಹಿಡ್ಕೊಂಡು. ದನದ ಡಾಕ್ಟರ್ ಆಗ್ಲಿಕ್ಕೆ ಅಂತ ಅವಳೇ ಹೇಳಿದ್ದು." ಪಾಸ್‌ಬುಕ್ಕಿನ ಕೊನೆಯ ಸಾಲನ್ನು ಬೆರಳಿನಿಂದ ತೋರಿಸಿದಳು. ಅಲ್ಲೂ ಜುಲೈ ಹದಿನೇಳು. "ಆ ದಿನ ಯಾವ ಕಾಲೇಜು ತೆರೆದಿತ್ತು ಮಾರಾಯ್ರೆ?" ಆ ತಿಂಗಳು ರಜೆಗಳು ಎಷ್ಟು ಬಂದಿದ್ದವೆಂದರೆ ತಾರೀಕು ಯಾರಿಗೂ ನೆನಪಿರಲಿಲ್ಲ. ಆ ಹಾಳೆ ಯಾಕೆ ಖಾಲಿ ಉಳಿದಿತ್ತೆಂದು ಹರಿಪ್ರಸಾದ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಂದು ಅವನೂ ಮನೆಯಲ್ಲೇ ಇದ್ದ, ಹೊದ್ದು ಮಲಗಿದ್ದ. ಕೊಡೆ ಬಿಡಿಸುತ್ತ ಮಗಳು, "ಅಪ್ಪ, ಪೋಸ್ಟಾಫೀಸಿಗೆ ಹೋಗಿ ಬರ್ತೇನೆ" ಎಂದಾಗ ಮುಸುಕು ತೆಗೆಯದೆ ಹೂಂಗುಟ್ಟಿದ್ದ.