ಖಾಲಿ ಹಾಳೆಯ ಹೆಬ್ಬೆಟ್ಟು

"ನಿಲ್ರಿ! ಒತ್ತಬ್ಯಾಡ್ರಿ!"

ಶಾಯಿ ಹತ್ತಿದ ಹೊಳೆವ್ವನ ಹೆಬ್ಬೆರಳು ಹಾಳೆಯ ಮೇಲೆ ಹಾಗೇ ನಿಂತಿತು. ಕಟ್ಟೆಯ ಮೇಲೆ ನೀರು ಕುಡಿಯುತ್ತ ಕೂತಿದ್ದ ಪಂಚಾಯ್ತಿಯ ಹೊಸ ಸೆಕ್ರೆಟರಿ ತಂಬಿಗೆ ಬಿಟ್ಟು ಬಂದು ಪುಸ್ತಕ ಎಳೆದುಕೊಂಡ. ಆ ಅವಸರದಲ್ಲಿ ಅವನ ಬೆರಳು ಅವಳ ಮಣಿಕಟ್ಟಿಗೆ ತಾಗಿತು.

ಹೊಳೆವ್ವ ಕೈ ಹಿಂದೆಳೆದುಕೊಂಡಳು. ಗಂಡ ಸತ್ತು ನಾಲ್ಕು ವರ್ಷ... ಅಪ್ಪನ ಮನೆಗೆ ತಿರುಗಿ ಬಂದಮೇಲೆ ಅವಳ ಕೈಗೆ ತಾಗಿದ್ದು ಬರೀ ವೀಳ್ಯದೆಲೆ!

"ಯಾಕ್ರಿ? ಏನ ತಪ್ಪಾತು?"

"ಹಾಳಿ ಖಾಲಿ ಐತಲ್ರಿ!"

"ಖಾಲೀನ ಇರತೈತ್ರಿ. ಮೊದಲ ಹೆಬ್ಬಟ್ಟು, ಆಮ್ಯಾಲೆ ಬರಹ. ಹಿಂದಿನ ಸೆಕ್ರೆಟ್ರಿ ಹಂಗ ಮಾಡ್ತಿದ್ರು. ನೀವು ನೀರು ಕುಡಿಯೂದ್ರಾಗ ಒಂದು ಹಾಳಿ ಒತ್ತಿ ಮುಗಿಸೇನಿ, ಇದು ಎರಡನೇದು."

ಅವನು ಹಿಂದಿನ ಹಾಳೆ ತಿರುವಿದ. ಮೇಲೆ ಒಂದಕ್ಷರವಿಲ್ಲ. ಕೆಳಗೆ ಮಾತ್ರ ಅವಳ ಹೆಬ್ಬೆಟ್ಟು, ಇನ್ನೂ ಹಸಿ.

"ಈ ಹಾಳಿಗೆ ನಾ ಗೀಟು ಹೊಡೀತೇನಿ. ಇನ್ನ ಮ್ಯಾಲೆ ನಾ ಓದಿ ಹೇಳದ ಒತ್ತಬ್ಯಾಡ್ರಿ. ಯಾರು ಹೇಳಿದ್ರೂ ಒತ್ತಬ್ಯಾಡ್ರಿ."

"ಗೌಡ್ರು ಹೇಳಿದ್ರ?"

ಅವನು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಅವಳಿಗೆ ಅಂಜಿಕೆ ಶುರುವಾದದ್ದು ಆಗಲೇ.

ಇದು ಸಾವಿರದ ಒಂಬೈನೂರ ಅರವತ್ತೊಂದರ ಮಾತು. ಸವಣೂರಿನಿಂದ ಹತ್ತಿಮತ್ತೂರಿಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ. ಗೌಡರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ನನಗೂ ಆ ದಾರಿಯಲ್ಲಿ ಓಡಾಡುವುದಿದೆ.

ಹೊಸ ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳೂ ಇರಬೇಕೆಂದು ಕಾಯ್ದೆ ಹೇಳಿತ್ತು. ಚೇರಮನ್ ಗುದ್ಲೆಪ್ಪಗೌಡರು ಊರೆಲ್ಲ ನೋಡಿ, ಬಾಯಿಲ್ಲದವಳು ಯಾರು ಎಂದು ಹುಡುಕಿ, ತಮ್ಮ ಎಲೆತೋಟ ಮಾಡುವ ಫಕ್ಕೀರಪ್ಪನ ಮಗಳು ಹೊಳೆವ್ವನನ್ನು ಆರಿಸಿದ್ದರು. ಚಾವಡಿಯ ಮೆಟ್ಟಿಲನ್ನು ಹೆಂಗಸರು ಹತ್ತುವಂತಿರಲಿಲ್ಲ. ಗಂಡಸರಾದರೂ ಎಲ್ಲಿ ಬರುತ್ತಿದ್ದರು? ಸಭೆಯ ನಿರ್ಣಯ ಬರೆಯುವ ಠರಾವಿನ ಪುಸ್ತಕವೇ ಮನೆಮನೆಗೆ ಹೋಗುತ್ತಿತ್ತು. ಒಬ್ಬರು ಉಣ್ಣುತ್ತ ಸಹಿ ಮಾಡಿದರೆ ಇನ್ನೊಬ್ಬರು ಎತ್ತಿನ ಮೈತೊಳೆಯುತ್ತ ಸಹಿ ಮಾಡುತ್ತಿದ್ದರು. ಓದುವವರು ಯಾರೂ ಇರಲಿಲ್ಲ. ಗೌಡರೂ ಓದುತ್ತಿರಲಿಲ್ಲ!

ಹೊಸ ಸೆಕ್ರೆಟರಿ ಮಾಳಪ್ಪ ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯವನು. ಅವನು ಮಾತ್ರ ಹೊಳೆವ್ವನ ಬಾಗಿಲಲ್ಲಿ ನಿಂತು ಪ್ರತಿ ಠರಾವನ್ನೂ ಓದಿ ಹೇಳುತ್ತಿದ್ದ. ಬಾವಿಯ ಗಾಲಿ ರಿಪೇರಿ, ಓಣಿಗೆ ಎರಡು ಕಂದೀಲು. ಕೊನೆಗೆ ಯಾವಾಗಲೂ ಎರಡು ಮಾತು... "ಸೂಚಕರು ಇಂಥವರು, ಅನುಮೋದಕರು ಇಂಥವರು."

"ಹಂಗಂದ್ರ ಏನ್ರಿ?" ಎಂದು ಒಮ್ಮೆ ಕೇಳಿದಳು.

"ಒಬ್ಬರು ಹಿಂಗ ಆಗಬೇಕು ಅಂತಾರ. ಇನ್ನೊಬ್ಬರು ಹೌದು ಅಂತಾರ. ಇಬ್ಬರೂ ಇರದಿದ್ರ ಠರಾವು ಆಗೂದಿಲ್ಲ."

ಅವನೇ ಅವಳಿಗೆ ಅಕ್ಷರ ಕಲಿಸಿದ. ಪಾಟಿ ಎಲ್ಲಿಂದ ತರುವುದು? ಕಟ್ಟಿನಲ್ಲಿ ಸೇರದ ಹರಕು ವೀಳ್ಯದೆಲೆಯ ಮೇಲೆ ಜಾಲಿಮುಳ್ಳಿನಿಂದ ಗೀಚಿದಳು. ಹೊ... ಳೆ... ವ್ವ. ಹದಿನೈದು ದಿನ ಎಲೆ ಜೋಡಿಸುತ್ತ ಕೂತಲ್ಲೇ ಗೀಚಿದಳು.

ಜೊತೆಗೆ ಎಲೆ ಜೋಡಿಸುವ ನೆರೆಮನೆಯ ಇಮಾಮಬಿ ನಕ್ಕಳು. "ಏನವ್ವಾ, ಅಕ್ಷರ ಕಲಿಯಾಕತ್ತೀಯೋ, ಮಾಸ್ತರನ ಕಲಿಯಾಕತ್ತೀಯೋ?"

"ಸುಮ್ನಿರಕ್ಕಾ! ನಾ ಗಂಡ ಸತ್ತಾಕಿ."

"ನಿಮ್ಮ ಮಂದ್ಯಾಗ ಗಂಡ ಸತ್ತಾಕೀಗೆ ಉಡಕಿ ಮದುವಿ ಐತಲ್ಲ? ಸೀರಿ ಉಡಿಸಿ ಕರಕೊಂಡು ಹೋದ್ರ ಯಾರು ಬ್ಯಾಡ ಅಂತಾರ?"

ಹೊಳೆವ್ವ ಮುಖ ತಿರುಗಿಸಿದಳು. ಆದರೆ ಕಿವಿ ಕೆಂಪಾಗಿದ್ದು ಇಮಾಮಬಿಗೆ ಕಾಣದೆ ಇರುತ್ತದೆಯೇ!

ಮುಂದಿನ ಸಲ ಮಾಳಪ್ಪ ಹನ್ನೆರಡನೇ ಠರಾವು ಓದಿದ. ಅವನು ಏನು ಓದಿದನೋ! ಇವತ್ತು ಸಹಿ ಮಾಡಬೇಕೆಂಬ ಗಾಬರಿ ಒಂದು ಕಡೆ, ಅವನ ದನಿ ಒಂದು ಕಡೆ... ಅವಳು ಸುಮ್ಮನೆ ತಲೆಯಾಡಿಸಿದಳು. ಮೊದಲ ಬಾರಿ ತನ್ನ ಹೆಸರು ಬರೆದಳು. ಕೊನೆಯ 'ವ್ವ' ಗೆರೆ ದಾಟಿ ಹೋಯಿತು.

"ಛಲೋ ಬಂದೈತ್ರಿ," ಎಂದ ಮಾಳಪ್ಪ. ಅವನ ಕಣ್ಣು ಒದ್ದೆಯಾಗಿತ್ತೇ? ಅವಳು ರಾತ್ರಿಯೆಲ್ಲ ಅದನ್ನೇ ಯೋಚಿಸಿದಳು.

ಆ ಖುಷಿ ಎಂಟು ದಿನ ಬಾಳಿತು.

ಬೇರೆಯವರ ಭೂಮಿ ಹಿಡಿದು ಉಳುವವನಿಗೆ ನಮ್ಮ ಕಡೆ ಕುಳ ಎನ್ನುತ್ತಾರೆ. ಉಳುವ ಕುಳನಿಗೇ ಭೂಮಿ ಸಿಗಬೇಕೆಂಬ ಕಾಯ್ದೆಯ ಮಸೂದೆ ಆಗ ಬೆಂಗಳೂರಿನಲ್ಲಿ ಚರ್ಚೆಯಲ್ಲಿತ್ತು. ಅದು ನಿಮ್ಮೂರಿಗೆ ಬೇಕೋ ಬೇಡವೋ, ಠರಾವು ಮಾಡಿ ತಿಳಿಸಿ ಎಂದು ಪಂಚಾಯ್ತಿಗೆ ಕಾಗದ ಬಂತು.

ಅದರ ಹಿಂದೆಯೇ ಸುದ್ದಿಗಳೂ ಬಂದವು. ಹಿರೇಕೆರೂರ ಕಡೆ ಒಬ್ಬ ಕುಳನಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಮರುದಿನವೇ ಹೊಲಕ್ಕೆ ಮುಳ್ಳಿನ ಬೇಲಿ ಹಾಕಿದರಂತೆ. ಹಾನಗಲ್ಲ ಕಡೆ ಬೆಳೆದು ನಿಂತ ಪೈರಿನ ಸಮೇತ ಹೊಲ ಬಿಡಿಸಿದರಂತೆ. ಫಕ್ಕೀರಪ್ಪ ಉಣ್ಣುವುದನ್ನು ಅರ್ಧಕ್ಕೆ ಬಿಟ್ಟು ಏಳತೊಡಗಿದ. ತೋಟ ಅವನ ಅಪ್ಪನ ಕಾಲದಿಂದ ಅವರ ಕೈಯಲ್ಲಿತ್ತು. ಕಾಗದದಲ್ಲಿ ಮಾತ್ರ ಎಲ್ಲಿಯೂ ಅವನ ಹೆಸರಿರಲಿಲ್ಲ.

ಒಂದು ಮುಂಜಾನೆ ಗೌಡರೇ ಅವರ ಮನೆಗೆ ಬಂದರು! ಎಂದೂ ಬಾರದವರು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿಕೊಂಡರು.

"ಮಂಗಳವಾರ ಠರಾವು ಐತಿ ತಂಗಿ. ನಮ್ಮೂರಾಗ ಕುಳ ಅನ್ನೋರ ಇಲ್ಲ, ಮಾಲಕರ ಉಳತಾರ, ಈ ಕಾಯ್ದೆ ನಮಗ ಬ್ಯಾಡ ಅಂತ ಬರಸತೇನಿ. ನಿನಗೇನೂ ತ್ರಾಸಿಲ್ಲ. ನಿನ್ನ ಹೆಬ್ಬಟ್ಟು ಆಗಲೇ ಬಿದ್ದೈತಿ."

ಹೊಳೆವ್ವ ಜೋಡಿಸುತ್ತಿದ್ದ ಎಲೆ ಕೆಳಗಿಟ್ಟಳು. "ಯಾವಾಗ್ರಿ ಧಣಿ?"

"ಪುಸ್ತಕದಾಗ ಐತಿ. ಕಾಯ್ದೆ ಬೆಂಗಳೂರಾಗ ಆಗತೈತಿ, ತೋಟ ಇಲ್ಲೇ ಐತಿ. ತಿಳೀತಲ್ಲ?" ಗೌಡರು ನಕ್ಕು ಎದ್ದು ಹೋದರು.

ಆ ಹಾಳೆ... ಗೀಟು ಹೊಡೆಯುತ್ತೇನೆ ಎಂದಿದ್ದರಲ್ಲ! ಹೊಡೆದಿರುತ್ತಾರೆ. ಮಾಳಪ್ಪ ಅಂಥವರಲ್ಲ.

ಸಂಜೆ ಎಲೆಯ ಕಟ್ಟು ಕೊಡಲು ಗೌಡರ ಮನೆಗೆ ಹೋದಳು. ಪಡಸಾಲೆಯಲ್ಲಿ ಮಾಳಪ್ಪ ಕೂತಿದ್ದ. ಪಕ್ಕದಲ್ಲಿ ಚಹಾದ ಬಸಿ. ಮುಂದೆ ಅದೇ ಪುಸ್ತಕ. ಅವನು ತಲೆ ಎತ್ತದೆ ಬರೆಯುತ್ತಿದ್ದ.

ಹೊಳೆವ್ವ ಕಟ್ಟು ಇಡುವ ನೆಪದಲ್ಲಿ ಬಗ್ಗಿ ನೋಡಿದಳು. ಹಾಳೆಯ ಕೆಳಗೆ ಅವಳ ಹೆಬ್ಬೆಟ್ಟು. ಗೀಟಿಲ್ಲ! ಅದರ ಮೇಲೆ ಅವನ ದುಂಡು ಅಕ್ಷರಗಳು. ಅವನೇ ಕಲಿಸಿದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ಕು... ಳ... ಇ... ಲ್ಲ...

ಅಯ್ಯೋ! ನಮ್ಮಪ್ಪ ಇಲ್ಲ ಅಂತ ನನ್ನ ಬೆರಳಿನಿಂದಲೇ ಹೇಳಿಸಿದಿರಾ? ಗೌಡರು ಅಂದರೆ ಗೌಡರು, ಅವರಿಂದ ಇನ್ನೇನು? ಆದರೆ ನೀವು... ನೀವು...!

ಮಾಳಪ್ಪ ತಲೆ ಎತ್ತಿದ. ಅವಳ ಮುಖ ನೋಡಿ ಅವನ ಲೇಖನಿ ನಿಂತಿತು. ಗೌಡರು ಎದುರಿಗೇ ಇದ್ದರು. ಅವನು ಮತ್ತೆ ತಲೆ ತಗ್ಗಿಸಿದ.

ಆಮೇಲೆ ಮೂರು ಸಲ ಬಂದು ಬಾಗಿಲು ಬಡಿದ. ಅವಳು ಅಗಳಿ ಹಾಕಿಕೊಂಡು ಒಳಗೆ ಕೂತಳು. ಓಣಿಯಲ್ಲಿ ಗೌಡರ ಆಳು ತಿರುಗಾಡುತ್ತಿದ್ದ, ಮಾಳಪ್ಪ ದನಿ ಏರಿಸುವಂತಿರಲಿಲ್ಲ.

"ಹೊಳೆವ್ವಾರ... ಮಂಗಳವಾರ ಸಭಾಕ್ಕ ನೀವ ಬರ್ರಿ. ನಿಮ್ಮ ಕಾಲಿಗೆ ಬೀಳತೇನಿ, ಬರ್ರಿ."

ಯಾಕೆ ಬರಬೇಕು? ಎಲ್ಲರ ಮುಂದೆ ಇದು ನನ್ನದೇ ಹೆಬ್ಬೆಟ್ಟು ಎಂದು ಒಪ್ಪಿಕೊಳ್ಳಲಿಕ್ಕಾ? ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಪ್ಪನಿಗೆ ಹೇಳಲೂ ಅಂಜಿಕೆ. ಯಾರದಾದರೂ ಬೂಟಿನ ಸಪ್ಪಳ ಕೇಳಿದರೆ, ಬೇಲಿ ಹಾಕಲು ಬಂದರೇನೋ ಎಂದು ತೋಟದ ಕಡೆ ಓಡುವಳು.

ಸೋಮವಾರ ಇಮಾಮಬಿ ಬಂದಳು. ಅವಳ ಗಂಡ ಮಹಮ್ಮದಗೌಸನೂ ಮೆಂಬರ, ಅವನೂ ಕುಳ.

"ಏಳು ಮಂದಿ ಮೆಂಬರಾಗ ಮೂವರು ಗೌಡ್ರ ಕಡೆ, ಮೂವರು ನಮ್ಮ ಕಡೆ. ನೀ ಒಬ್ಬಾಕಿ ಉಳದೀ."

"ನನ್ನ ಹೆಬ್ಬಟ್ಟು ಹೋಗೇತಲ್ಲಕ್ಕಾ!"

"ಹೆಬ್ಬಟ್ಟು ಹೋದ್ರ ಹೋಗಲಿ. ಬಾಯಿ ಐತೋ ಇಲ್ಲೋ?"

ಆ ಮಾತು ಹೊಳೆವ್ವನಿಗೆ ನಾಟಿತು. ಖಾಲಿ ಹಾಳೆಯ ಮೇಲೆ ಒತ್ತಿಸಿಕೊಂಡರು ಎಂದಾದರೂ ಕೂಗಿ ಹೇಳುತ್ತೇನೆ. ಆ ಮಾಳಪ್ಪನ ಮುಖಕ್ಕೇ ಹೇಳುತ್ತೇನೆ!

ಮಂಗಳವಾರ ಚಾವಡಿಯ ಮುಂದೆ ಊರೇ ನೆರೆದಿತ್ತು. ಹೊಳೆವ್ವನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಐದು ಮೆಟ್ಟಿಲು. ಮೂರನೆಯದರಲ್ಲಿ ನಿಂತುಬಿಟ್ಟಳು. ಇಮಾಮಬಿ ಕೆಳಗಿನಿಂದ ಬೆನ್ನಿಗೆ ಕೈ ಕೊಟ್ಟಳು. ಹೊಳೆವ್ವ ಹತ್ತಿದಳು.

"ಹೆಂಗಸರಿಗೆ ಇಲ್ಲೇನ ಕೆಲಸ?" ಎಂದರು ಗೌಡರು.

"ನಾನೂ ಮೆಂಬರರಿ..." ಅವಳ ದನಿ ಅವಳಿಗೇ ಕೇಳಲಿಲ್ಲ. "ಆ ಹೆಬ್ಬಟ್ಟು ಒತ್ತಿದಾಗ ಹಾಳಿ ಖಾಲಿ ಇತ್ತು."

"ಹೆಬ್ಬಟ್ಟು ನಿಂದ ಹೌದೋ ಅಲ್ಲೋ?"

"ನಂದ... ಆದ್ರ..."

"ಮುಗೀತಲ್ಲ!" ಗೌಡರು ಸುತ್ತ ನೋಡಿ ನಕ್ಕರು. ಕೆಳಗೆ ನಿಂತಿದ್ದ ಫಕ್ಕೀರಪ್ಪ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ.

ಆಗ ಮಾಳಪ್ಪ ಎದ್ದು ನಿಂತ. ಅವನ ಮುಖ ಬಿಳಿಚಿತ್ತು. ಅವನಿಗೂ ಅಂಜಿಕೆಯಾಗಿದೆ ಎಂದು ಹೊಳೆವ್ವನಿಗೆ ಆ ಕ್ಷಣದಲ್ಲಿ ತಿಳಿಯಿತು.

"ಚೇರಮನ್ ಸಾಹೇಬ್ರ, ಹನ್ನೆರಡನೇ ಠರಾವು ಓದತೇನ್ರಿ." ಪುಸ್ತಕ ತಿರುವಿ ಓದಿದ. "ಸಹಿ ಮಾಡಲು ಕಲಿತ ಮೆಂಬರರು ಇನ್ನು ಮುಂದೆ ಹೆಬ್ಬೆಟ್ಟು ಒತ್ತತಕ್ಕದ್ದಲ್ಲ. ಇಂದಿನ ನಂತರದ ಯಾವ ಠರಾವಿಗೂ ಅವರ ಹೆಬ್ಬೆಟ್ಟು ಗ್ರಾಹ್ಯವಲ್ಲ." ತಲೆ ಎತ್ತಿ ಹೇಳಿದ. "ಕೆಳಗ ಹೊಳೆವ್ವಾರ ಸಹಿ ಐತಿ."

"ಯಾವಾಗ ಮಾಡಿದ್ವಿ ಇದನ್ನ!" ಗೌಡರು ಗುಡುಗಿದರು.

"ಹೋದ ತಿಂಗಳರಿ. ಎಲ್ಲಾರಕಿಂತ ಮೊದಲ ನಿಮ್ಮ ಸಹೀನ ಐತ್ರಿ."

ಗೌಡರು ಬಗ್ಗಿ ತಮ್ಮ ಸಹಿ ನೋಡಿದರು. ಆಮೇಲೆ ಕೆಳಗೆ ಯಾರೋ ಕಿಸಕ್ಕೆಂದರು. "ಮಾಡಿದ್ದುಣ್ಣೋ ಮಹರಾಯ!" ಎಂದಳು ಇಮಾಮಬಿ, ಸಾಕಷ್ಟು ಗಟ್ಟಿಯಾಗಿಯೇ.

ಮಾಳಪ್ಪ ಹೊಳೆವ್ವನ ಕಡೆ ತಿರುಗಿದ. "ನಿಮ್ಮ ಅಭಿಪ್ರಾಯ ಹೇಳ್ರಿ."

ಗೌಡರ ಕಣ್ಣು ಅವಳ ಮೇಲಿತ್ತು. ತೋಟ... ಮುಳ್ಳಿನ ಬೇಲಿ... ಅಪ್ಪ. ಅಂಜಿಕೆ ಹೋಗಲಿಲ್ಲ, ಇನ್ನೂ ಹೆಚ್ಚಾಯಿತು. ಆದರೂ ಬಾಯಿ ತೆರೆಯಿತು.

"ನಮ್ಮಪ್ಪ ಕುಳ. ಅವ ಇಲ್ಲ ಅಂತ ನಾ ಹೆಂಗ ಬರೀಲಿ? ಕಾಯ್ದೆ ಬೇಕ್ರಿ. ಎಲ್ಲಾ ಕುಳಗಳ ಹೆಸರೂ ಠರಾವಿನಾಗ ಬರೀರಿ, ಸರಕಾರ ನೋಡಲಿ."

ನಾಲ್ಕು, ಮೂರು. ಮೂವತ್ತೊಂದು ಕುಳಗಳ ಹೆಸರು ಬರೆದು, ಅಲ್ಲಿಯೇ ಮೂರು ಪ್ರತಿ ಮಾಡಿದರು. ಒಂದನ್ನು ಮಹಮ್ಮದಗೌಸ ಅಂದೇ ಸವಣೂರಿನ ಟಪಾಲಿಗೆ ಹಾಕಿ ಬಂದ. ಎಂಟನೇ ಹೆಸರು ಫಕ್ಕೀರಪ್ಪನದು. ಇನ್ನು ಅವನನ್ನು ಸದ್ದಿಲ್ಲದೆ ಎಬ್ಬಿಸುವುದು ಸುಲಭವಿರಲಿಲ್ಲ. ಹೊಳೆವ್ವ ಸಹಿ ಮಾಡಿದಳು. ಈ ಸಲ 'ವ್ವ' ಗೆರೆಯೊಳಗೇ ನಿಂತಿತು.

ಗೌಡರು ಧೋತರ ಕೊಡವಿ ಎದ್ದರು. "ಮಾಳಪ್ಪಾ, ನಾಳಿಂದ ಈ ಚಾವಡಿ ಕಡೆ ಹಾಯಬ್ಯಾಡ!"

ಸಂಜೆ ಅವನು ಬಾಗಿಲಿಗೆ ಬಂದಾಗ ಕೈಯಲ್ಲಿ ಪುಸ್ತಕವಿರಲಿಲ್ಲ, ಒಂದು ಟ್ರಂಕಿತ್ತು. ಹೊಳೆವ್ವನಿಗೆ ಹೊಸ ಅಂಜಿಕೆ ಹುಟ್ಟಿತು. ಹೊರಟೇಬಿಟ್ಟರಾ?

"ಗೀಟು ಯಾಕ ಹೊಡೀಲಿಲ್ರಿ?" ಎಂದಳು, ಬೇರೇನೂ ತೋಚದೆ.

"ಮರುದಿನಾನ ಹೊಡ್ಯಾಕ ಹ್ವಾದೆ. ಗೌಡ್ರು ಪುಸ್ತಕ ಕಸಗೊಂಡು ನೋಡಿದ್ರು, ಅದನ್ನ ಮುಟ್ಟಬ್ಯಾಡ ಅಂದ್ರು. ಅದಕ್ಕ ಹನ್ನೆರಡನೇ ಠರಾವು ಬರದೆ. ಅವರು ಓದೂದಿಲ್ಲಂತ ಗೊತ್ತಿತ್ತು. ಆದ್ರ ನಿಮಗ ಓದಿ ಹೇಳಿದ್ನಲ್ರಿ! ನೀವೂ ಕೇಳಲಿಲ್ಲೇನು?"

ಹೊಳೆವ್ವ ಸೆರಗಿನ ತುದಿ ತಿರುವಿದಳು. "ನಿಮ್ಮ ದನಿ ಕೇಳಾಕತ್ತಿದ್ದೆ. ಮಾತು ಕೇಳಲಿಲ್ಲ."

ಮಾಳಪ್ಪ ಟ್ರಂಕನ್ನು ಕೆಳಗಿಟ್ಟ. ಆಮೇಲೆ ಅಂಗಿಯ ಕಿಸೆಯಿಂದ ಒಂದು ಒಣಗಿದ ಎಲೆ ತೆಗೆದ. ಮೇಲೆ ಮುಳ್ಳಿನಿಂದ ಗೀಚಿದ ಸೊಟ್ಟ 'ಹೊ'.

"ಇದನ್ನ ಯಾವಾಗ ಒಯ್ದ್ರಿ!"

"ಮೊದಲನೇ ದಿನ." ಅವನು ಎಲೆಯನ್ನು ಮತ್ತೆ ಕಿಸೆಗಿಟ್ಟ. "ಹೊಳೆವ್ವಾರ, ನೌಕರಿ ಹೋಗೇತಿ. ಹಿರೇಬೆಂಡಿಗೇರ್ಯಾಗ ಎರಡೆಕರೆ ಐತಿ, ಅಷ್ಟ. ನೀವು ಹೂಂ ಅಂದ್ರ..."

"ಹಂಗ ಅರ್ಧಾ ಹೇಳಬ್ಯಾಡ್ರಿ." ಅವಳ ಕಣ್ಣು ಕೆಳಗಿಳಿಯಲಿಲ್ಲ. "ಖಾಲಿ ಹಾಳಿಗೆ ಇನ್ನ ನಾ ಒತ್ತಾಕಿ ಅಲ್ಲ. ಪೂರಾ ಓದ್ರಿ."

ಒಳಗೆ ಫಕ್ಕೀರಪ್ಪ ಕೆಮ್ಮಿದ. ಬೇಡವೆಂಬ ಕೆಮ್ಮಲ್ಲ ಅದು.

ಮಾಳಪ್ಪ ಖಾಲಿ ಅಂಗೈಯನ್ನೇ ಪುಸ್ತಕದಂತೆ ಹಿಡಿದು ಓದಿದ.

"ಠರಾವು ನಂಬರ್ ಒಂದು. ಹಿರೇಬೆಂಡಿಗೇರಿ ಮಾಳಪ್ಪ ಸವಣೂರಿಂದ ಒಂದು ಸೀರಿ ತಂದು, ಊರ ಮಂದಿ ಮುಂದ ಹೊಳೆವ್ವಗ ಉಡಕಿ ಮಾಡಿಕೊಳ್ಳತಕ್ಕದ್ದು. ಆಕಿ ಅಂಜಿದಾಗ ಅವನೂ ಅಂಜಕೋತನ ಬಾಜೂಕ ನಿಲ್ಲತಕ್ಕದ್ದು. ಸೂಚಕರು, ಮಾಳಪ್ಪ."

ಅವನು ನಿಲ್ಲಿಸಿದ.

"ಅನುಮೋದಕರು ಯಾರ್ರೀ?"

ಹೊಳೆವ್ವ ಹೊಸ್ತಿಲು ದಾಟಿ ಬಂದಳು. ಅವನ ಅಂಗೈ ಹಿಡಿದು, ಬೆರಳ ತುದಿಯಿಂದ ನಿಧಾನವಾಗಿ ಬರೆದಳು. ಹೊ... ಳೆ... ವ್ವ.

"ನಾನರಿ," ಎಂದಳು.